ಬೆಲ್ಲದ ಹಕ್ಕಿ

ಮದ್ದೂರು ತಾಲ್ಲೂಕಿನಲ್ಲಿ ಜೀವಕ್ಕೆ ಅತ್ಯಂತ ಕ್ಷೇಮವಾದ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ, ಹಿಂದೆಮುಂದೆ ನೋಡದೆ ನಮ್ಮ ಮಾವನ ಕೋವಿಯ ಎದುರು ಎಂದು ಹೇಳುತ್ತೇನೆ. ಇದು ಗಿಳಿಗಳಿಗೂ ಗೊತ್ತು, ಕಾಡುಹಂದಿಗಳಿಗೂ ಗೊತ್ತು. ಕೋವಿ ಢಂ ಎಂದ ಕೂಡಲೇ ಗಿಳಿಗಳು ಮುಸುಕಿನ ಜೋಳದ ತೆನೆ ಬಿಟ್ಟು ಎದ್ದು, ಹೊಂಗೆಮರದ ಮೇಲೆ ಒಂದು ಸುತ್ತು ಹೊಡೆದು, ಪಾಪ ಮುದುಕನಿಗೆ ಬೇಜಾರಾಗಬಾರದು ಎಂಬ ಮರ್ಯಾದೆಗೆ ಪಕ್ಕದ ಹೊಲದಲ್ಲಿ ಸ್ವಲ್ಪ ಹೊತ್ತು ಕೂತು, ಆಮೇಲೆ ವಾಪಸು ಬರುತ್ತವೆ. ಕೆಲವು ಏಳುವುದೇ ಇಲ್ಲ. ಅವು ಹಳೇ ಗಿಳಿಗಳು.

ಮಾವ ಎಂದರೆ ಹೆಣ್ಣು ಕೊಟ್ಟ ಮಾವ ಅಲ್ಲ, ನನ್ನ ತಾಯಿಯ ತಮ್ಮ. ಅವನು ಇವನು ಎಂದು ಬರೆಯುತ್ತಿದ್ದೇನಲ್ಲ ಎಂದು ತಪ್ಪು ತಿಳಿಯಬೇಡಿ. ನಮ್ಮ ಕಡೆ ಸೋದರಮಾವನಿಗೆ ಬಹುವಚನ ಹಚ್ಚಿದರೆ ಮಾತು ಬಿಟ್ಟಿದ್ದೇವೆ ಎಂದು ಅರ್ಥ. ಚಿಕ್ಕರಸಿನಕೆರೆಗೆ ಹತ್ತಿರದ ನಮ್ಮೂರಿನಲ್ಲಿ ಅವನದೊಂದು ಆಲೆಮನೆ ಇದೆ. ಕಬ್ಬು ಅರೆದು ಬೆಲ್ಲ ಕಾಯಿಸುತ್ತಾನೆ. ಅವನ ಬೆಲ್ಲಕ್ಕೆ ಸುತ್ತ ಹತ್ತೂರಿನಲ್ಲಿ ಹೆಸರಿದೆ. ಅವನ ಗುರಿಗೂ ಹತ್ತೂರಿನಲ್ಲಿ ಹೆಸರಿದೆ, ಆದರೆ ಆ ಹೆಸರನ್ನು ಇಲ್ಲಿ ಬರೆಯಲಾಗದು.

ಕೋವಿ ಅವರಪ್ಪನಿಂದ ಬಂದದ್ದು, ಬೆಳೆ ಕಾಯಲು ಲೈಸೆನ್ಸ್ ಕೊಟ್ಟ ಒಂಟಿ ನಳಿಗೆಯ ಕೋವಿ. ಚುನಾವಣೆ ಬಂದಾಗ ಇಂಥ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಬೇರೆಯವರು ಗೊಣಗಿಕೊಂಡು ಒಪ್ಪಿಸುತ್ತಾರೆ. ನಮ್ಮ ಮಾವ ಮಾತ್ರ ಮಗಳನ್ನು ಗಂಡನ ಮನೆಗೆ ಬಿಡಲು ಹೊರಟವನ ಹಾಗೆ ಮುಖ ಸಣ್ಣಗೆ ಮಾಡಿಕೊಂಡು, ಅತ್ತೆಯ ಹಳೇ ಸೀರೆಯಲ್ಲಿ ಕೋವಿಯನ್ನು ಸುತ್ತಿ, ತೊಡೆಯ ಮೇಲೆ ಮಲಗಿಸಿಕೊಂಡು ಬಸ್ಸಿನಲ್ಲಿ ಕೂರುತ್ತಾನೆ. ಒಂದು ಸಲ ಹೊಸ ಕಂಡಕ್ಟರ್ ಬಂದು ಕೇಳಿದ, "ಮಗೀಗೆ ಎಷ್ಟು ವರ್ಸ ಯಜಮಾನ್ರೆ?"

"ಅರವತ್ತು ಕಣಪ್ಪ" ಎಂದ ಮಾವ. "ನಮ್ಮಪ್ಪನ ಕಾಲದ್ದು."

ಇಂಥವನು ನನ್ನ ಮಗಳಿಗೆ ಗುರಿ ಹೊಡೆಯುವುದು ಕಲಿಸುತ್ತೇನೆ ಎಂದು ಹೊರಟರೆ ಊರು ಬಿಟ್ಟೀತೇ? ಆದರೆ ಅದಕ್ಕೆ ಮುಂಚೆ ನಮ್ಮ ಮನೆಯ ಕಷ್ಟ ಸ್ವಲ್ಪ ಹೇಳಬೇಕು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮುಚ್ಚಿಡುವ ಮಾತೇನಲ್ಲ. ಮದ್ದೂರಿನಲ್ಲಿ ನನ್ನದೇ ವೆಲ್ಡಿಂಗ್ ಅಂಗಡಿ ಇದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಾಗಿಲು ತೆಗೆಯುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ, ನೀನು ಬೆಸೆದ ಜಾಗದಲ್ಲಿ ಟ್ರೇಲರು ಬಿಟ್ಟುಕೊಂಡಿತು ಎಂದು ಹೇಳಿಕೊಂಡು ಒಬ್ಬನೂ ಬಂದಿಲ್ಲ. ಬಿಟ್ಟುಕೊಂಡದ್ದೆಲ್ಲ ಪಕ್ಕದ ಜಾಗದಲ್ಲೇ.

ಮಗಳು ಒಬ್ಬಳೇ. ಹನ್ನೆರಡು ತುಂಬಿದೆ, ಅವಳೂ ಈಗ ಏಳನೇ ಕ್ಲಾಸು. ಎರಡನೇ ಕ್ಲಾಸಿನಿಂದಲೇ ಕನ್ನಡಕ, ಅದೂ ಸೋಡಾ ಬಾಟಲಿಯ ತಳದಂಥದ್ದು. ಶಾಲೆಯಲ್ಲಿ ಶನಿವಾರದ ಆಟಕ್ಕೆ ಕಡೆ ಮಾಡಿಕೊಳ್ಳುವಾಗ, "ಕನ್ನಡ್ಕ ಒಡೆದ್ರೆ ನಮ್ ಮೇಲೆ ಬತ್ತದೆ" ಎಂದು ಎರಡು ಕಡೆಯವರೂ ಅವಳನ್ನು ಬಿಟ್ಟುಬಿಡುತ್ತಿದ್ದರು. ಬಿಟ್ಟು ಸುಮ್ಮನಿರುತ್ತಿರಲಿಲ್ಲ, ತಮ್ಮ ಚಪ್ಪಲಿಗಳನ್ನು ಅವಳ ಮುಂದೆ ಕಳಚಿ ಹೋಗುತ್ತಿದ್ದರು. ಒಂದು ಶನಿವಾರ ಶಾಲೆಯ ಮುಂದೆ ಹಾದುಹೋಗುತ್ತಿದ್ದ ಮಾವ ಇದನ್ನು ನೋಡಿದ.

"ಏನವ್ವ ಇಷ್ಟೊಂದು ಚಪ್ಲಿ, ಅಂಗ್ಡಿ ಇಟ್ಬುಟ್ಟಿದ್ದೀಯ?"

"ಕಾಯ್ತಾ ಇವ್ನಿ ತಾತ."

"ಯಾವ ಕಳ್ಳ ಬತ್ತಾನೆ ಅಂತ ಕಾಯ್ತೀಯ? ಒಂದು ಜೊತೇನೂ ನೆಟ್ಟಗಿಲ್ಲ."

ಅವಳು ನಕ್ಕಳಂತೆ. ನಕ್ಕವಳು ಹಾಗೇ ಕನ್ನಡಕ ತೆಗೆದು ಲಂಗದ ಅಂಚಿನಲ್ಲಿ ಒರೆಸಿಕೊಂಡಳಂತೆ, ಸ್ವಲ್ಪ ಜಾಸ್ತಿ ಹೊತ್ತೇ ಒರೆಸಿಕೊಂಡಳಂತೆ. ಮಾವ ಇದನ್ನು ನನಗೆ ಹೇಳಿದ್ದು ಬಹಳ ದಿನದ ಮೇಲೆ. ನನಗೆ ಆಗ ಕಂಡದ್ದು ಇಷ್ಟೇ: ಶನಿವಾರ ಬಂದರೆ ಅವಳಿಗೆ ಹೊಟ್ಟೆನೋವು. ಆಮೇಲಾಮೇಲೆ ಶುಕ್ರವಾರವೂ ಹೊಟ್ಟೆನೋವು. ಗುರುವಾರಕ್ಕೂ ಬಂದಾಗ ನನಗೆ ರೋಗದ ಗುರುತು ಸಿಕ್ಕಿತು. ನಾನು ಶಾಲೆ ಬಿಟ್ಟದ್ದೂ ಇಂಥದೇ ಒಂದು ಹೊಟ್ಟೆನೋವಿನಿಂದ. ಅದಕ್ಕೆ ಯಾವ ಡಾಕ್ಟರ ಹತ್ತಿರವೂ ಮದ್ದಿಲ್ಲ ಎಂಬುದು ನನಗಲ್ಲದೆ ಇನ್ಯಾರಿಗೆ ಗೊತ್ತು?

ಅದರ ಮುಂದಿನ ವಾರ ಮಾವ ನನ್ನ ಅಂಗಡಿಗೆ ಬಂದ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಪೇಪರು ಸುತ್ತಿದ ಮದ್ದೂರು ವಡೆ. ಫೋನಿನಲ್ಲಿ ಯಾವುದೋ ದೇಶದ ಹೆಂಗಸು ಕೋವಿ ಹಿಡಿದು ನಿಂತಿದ್ದಳು. ಏನೋ ಕೂಗಿದಳು. ಕೆಳಗಿನಿಂದ ಒಂದು ಬಿಲ್ಲೆ ತಿರುಗುತ್ತ ಆಕಾಶಕ್ಕೆ ಹಾರಿತು. ಹೊಡೆದಳು. ಬಿಲ್ಲೆ ಪುಡಿಪುಡಿ.

"ಮಣ್ಣಿನ ಹಕ್ಕಿ ಕಣ್ಲಾ ಅಳಿಯ" ಎಂದ ಮಾವ. "ಹಾರ್ತಾ ಇರೋವಾಗ್ಲೇ ಒಡೀಬೇಕು. ಅದಿರ್ಲಿ, ಅವಳ ಮೊಕ ನೋಡು."

ನೋಡಿದೆ. ಏನೂ ಹೊಳೆಯಲಿಲ್ಲ.

"ಸರ್ಯಾಗಿ ನೋಡ್ಲಾ."

ಸರಿಯಾಗಿ ನೋಡಿದೆ. ಆಗಲೂ ಹೊಳೆಯಲಿಲ್ಲ. ಮಾವ ನನ್ನನ್ನು ನೋಡಿ, ಇವನು ಶಾಲೆ ಬಿಟ್ಟದ್ದು ಶಾಲೆಗೇ ಒಳ್ಳೆಯದಾಯಿತು ಎಂಬಂತೆ ತಲೆಯಾಡಿಸಿ, ವಡೆಯನ್ನು ತೆಗೆದು ನನ್ನ ಮೇಜಿನ ಮೇಲಿಟ್ಟ.

"ನಮ್ ಕೂಸಿಗೆ ಇದ ಕಲಿಸ್ಬೇಕು. ಎಸಿಯೋ ಮಿಸನ್ನು ಮಾಡ್ಕೊಡು. ಬಿಲ್ಲೆ ಅಳ್ತೆ ಇದೇಯ."

"ವಡೆ ಎಸಿಯೋಕೆ ಮಿಸನ್ನಾ?"

"ಎರಡೂ ಒಂದೇ ಅಳ್ತೆ ಕಣ್ಲಾ. ಆದ್ರೆ ಇನ್ನೂ ಬಿಸಿ ಅದೆ, ಆರಿದ್ಮೇಲೆ ಅಳೆ. ಅಳ್ತೆ ತಗಂಡ್ಮೇಲೆ ಬೇಕಾದ್ರೆ ತಿನ್ನು."

ಮಾವನ ತಲೆಗೆ ಒಂದು ಹೊಕ್ಕಿತು ಎಂದರೆ ಅದು ಹೊರಬರುವುದು ನನ್ನ ಅಂಗಡಿಯ ಮುಖಾಂತರವೇ. ಹಳೇ ಟ್ರೇಲರಿನ ಕಮಾನುಪಟ್ಟಿಯೊಂದು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಬಗ್ಗಿಸಿ, ತುದಿಗೆ ತಗಡಿನ ಅಂಗೈ ಬೆಸೆದು, ಸೈಕಲ್ ಬ್ರೇಕಿನ ವೈರಿನಿಂದ ಎಳೆದು ಬಿಡುವ ಹಾಗೆ ಮಾಡಿದೆ. ಆಲೆಮನೆಯ ಹಿಂದಿನ ಬೀಳು ಹೊಲದಲ್ಲಿ ಪರೀಕ್ಷೆ. ಬಿಲ್ಲೆ ಇನ್ನೂ ಇರಲಿಲ್ಲವಾದ್ದರಿಂದ ಹಿಂದಿನ ದಿನದ ವಡೆಗಳನ್ನೇ ಹಾಕಿದೆವು.

ಮೊದಲನೆಯದು ನೆಟ್ಟಗೆ ಮೇಲಕ್ಕೆ ಹೋಗಿ, ಸ್ವಲ್ಪ ಯೋಚನೆ ಮಾಡಿ, ಅತ್ತೆ ಒಣಗಲು ಹಾಕಿದ್ದ ಹಪ್ಪಳದ ಮೇಲೆ ಇಳಿಯಿತು. ಎರಡನೆಯದು ಹಿಂದಕ್ಕೆ ಹಾರಿ ಮಾವನ ತಲೆಯ ಮೇಲಿನ ಟವಲನ್ನು ಕಿತ್ತುಕೊಂಡು ಹೋಯಿತು.

"ಈಗ ಸರಿ ಹೋಯ್ತು ನೋಡು" ಎಂದ ಮಾವ.

"ಏನ್ ಸರಿ ಹೋಯ್ತು ಮಾವ?"

"ಜೋರು ಸರಿ ಹೋಯ್ತು. ದಿಕ್ಕು ತಾನೆ? ಮಿಸನ್ ತಿರುಗ್ಸು."

ತಿರುಗಿಸಿದೆ. ಮೂರನೇ ವಡೆ ಗಿರ್ರನೆ ಸುತ್ತುತ್ತ, ತೆಂಗಿನ ಮರಗಳ ಎತ್ತರಕ್ಕೆ ಏರಿ, ಬಿಸಿಲಿನಲ್ಲಿ ಹೊಳೆದು, ಅಷ್ಟು ದೂರದಲ್ಲಿ ಇಳಿಯಿತು. ಮದ್ದೂರಿನಲ್ಲಿ ಹುಟ್ಟಿದ ಯಾವ ವಡೆಯೂ ಸ್ವಂತ ಬಲದ ಮೇಲೆ ಅಷ್ಟು ದೂರ ಹೋಗಿರಲಿಕ್ಕಿಲ್ಲ. ಆ ಮಿಷನ್ನು ಬೆಸೆದವನು ನಾನು ಎಂಬುದನ್ನು ಇನ್ನೊಂದು ಸಲ ನೆನಪಿಸಿ ಮುಂದಕ್ಕೆ ಹೋಗುತ್ತೇನೆ.

ಸಂಜೆ ಸುದ್ದಿ ನಮ್ಮ ಮನೆಯವಳ ಕಿವಿಗೆ ಬಿತ್ತು. ಪೊರಕೆ ಹಿಡಿದಿದ್ದವಳು ಪೊರಕೆ ಸಮೇತ ಬಂದಳು.

"ಹೆಣ್ ಕೂಸಿನ ಕೈಗೆ ಕೋವಿ ಕೊಡ್ತೀಯಾ ಮಾವ?"

"ಯಾರವ್ವ ಕೊಡೋರು? ಈ ಕೋವಿ ಬೆಳೆ ಕಾಯಾಕೆ ಸರ್ಕಾರ ನಂಗೆ ಕೊಟ್ಟಿರೋದು. ಅವಳೂ ಮುಟ್ಟಂಗಿಲ್ಲ, ನಿನ್ ಗಂಡನೂ ಮುಟ್ಟಂಗಿಲ್ಲ. ಅವಳು ಬೆರಳಲ್ಲಿ ಹೊಡೀತಾಳೆ."

ನಿಜವಾಗಿಯೂ ಬೆರಳಿನಲ್ಲೇ! ಒಂದು ತಿಂಗಳು ನನ್ನ ಮಗಳು ದಿನಾ ಸಾಯಂಕಾಲ ಆ ಹೊಲದಲ್ಲಿ ತೋರುಬೆರಳು ಚಾಚಿಕೊಂಡು ನಿಂತಳು. ಆ ಫೋನಿನ ಹೆಂಗಸು ಕೂಗುತ್ತಿದ್ದಳಲ್ಲ, ಅದರ ಬದಲಿಗೆ ಮಾವ ನಮ್ಮ ಊರಿನ ಮಾತನ್ನೇ ಕಲಿಸಿದ. ಅವಳು "ಬುಡ್ಲಾ" ಎಂದು ಕೂಗಬೇಕು. ನಾನು, ಹೆತ್ತ ತಂದೆ, ವೈರು ಎಳೆಯಬೇಕು. ವಡೆ ಹಾರುತ್ತಿತ್ತು, ಬೆರಳು ಅದರ ಹಿಂದೆ ಹೋಗುತ್ತಿತ್ತು. ದಾರಿಯಲ್ಲಿ ಹೋಗುವವರೆಲ್ಲ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡಿ, "ಯಾವ ಮಂತ್ರಿ ಬತ್ತಾವ್ನೆ? ಹೆಲಿಕಾಪ್ಟರ್ ಎಲ್ಲಿಳೀತದೆ?" ಎಂದು ಕೇಳುವರು.

ಮಾವ ಬೆರಳನ್ನು ಒಪ್ಪಲೇ ಇಲ್ಲ. "ಹಿಂದೆ ಬಿತ್ತು, ಹಿಂದೆ ಬಿತ್ತು" ಎಂದು ಒಂದೇ ಸಮನೆ ಗೊಣಗುವನು. ಒಂದು ದಿನ ಅವಳಿಗೆ ರೇಗಿತು.

"ಹಕ್ಕಿ ಎಲ್ಲಿ ಅದೋ ಅಲ್ಲೇ ತಾನೆ ತೋರಿಸ್ತಿರೋದು ತಾತ?"

ಮಾವ ಅವಳನ್ನು ರಸ್ತೆಗೆ ಕರೆದುಕೊಂಡು ಹೋದ. ಫ್ಯಾಕ್ಟರಿಗೆ ಕಬ್ಬು ತುಂಬಿಕೊಂಡು ಹೋಗುವ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ನಮ್ಮ ಕಡೆ ಅದರ ಹಿಂದೆ ಓಡಿ ಒಂದು ಜಲ್ಲೆ ಎಳೆಯದೆ ದೊಡ್ಡವರಾದ ಮಕ್ಕಳೇ ಇಲ್ಲ.

"ನೀನು ಜಲ್ಲೆ ಎಳೀವಾಗ ಕೈ ಎಲ್ಲಿಗೆ ಹಾಕ್ತೀಯ? ಜಲ್ಲೆ ಇರೋ ತಾವ್ಕೊ, ಬರೋ ತಾವ್ಕೊ?"

ಅವಳು ಸ್ವಲ್ಪ ಹೊತ್ತು ಗಾಡಿಗಳನ್ನೇ ನೋಡಿದಳು. "ಬರೋ ತಾವ್ಕೆ" ಎಂದಳು.

"ಇದೂ ಅಂಗೇಯ. ಕಬ್ಬಿನ ಗಾಡಿ ಅಂದ್ಕೊ."

ಆವತ್ತಿನಿಂದ ಬೆರಳು ವಡೆಯ ಮುಂದೆ ಓಡತೊಡಗಿತು. ಮಾವ ಬೆರಳಿಗೆ ಪಾಸು ಕೊಟ್ಟು, ಕವೆಗೋಲಿಗೆ ಸೈಕಲ್ ಟ್ಯೂಬು ಕಟ್ಟಿದ ಚಾಟಿಬಿಲ್ಲು ಕೊಟ್ಟ. ಅದಕ್ಕೆ ಕಲ್ಲಲ್ಲ, ಒಂದು ಹಿಡಿ ಹುಣಸೆಬೀಜ. ಕೋವಿಯ ಚರೆ ಹರಡುವ ಹಾಗೆ ಇದೂ ಹರಡುತ್ತದೆ, ಯಾರಿಗೆ ಬಿದ್ದರೂ ಗಾಯವಾಗುವುದಿಲ್ಲ. ಒಪ್ಪಬೇಕಾದ ತಲೆಯೇ.

ಬಿಲ್ಲೆಯ ವಿಷಯದಲ್ಲಿ ಮಾತ್ರ ಆ ತಲೆ ಕೈಕೊಟ್ಟಿತು. ಮಣ್ಣಿನ ಹಕ್ಕಿ ಎಂದ ಮೇಲೆ ಮಣ್ಣಿನದೇ ಆಗಬೇಕೆಂದು ಕೆರೆಯ ಗೋಡುಮಣ್ಣು ತಂದು ಬಿಲ್ಲೆ ತಟ್ಟಿದ. ತಟ್ಟಿ ಒಣಗಿಸಿ ಬಿಡಬಹುದಿತ್ತು. ಕೈಗೆ ಒಲೆ ಸಿಕ್ಕಿದವನು ಬಿಡುತ್ತಾನೆಯೇ? ಆಲೆಮನೆಯ ಒಲೆಯಲ್ಲಿಟ್ಟು ಕೆಂಪಗೆ ಸುಟ್ಟ. ಅವು ಹುಣಸೆಬೀಜಕ್ಕಿರಲಿ, ನನ್ನ ಸುತ್ತಿಗೆಗೂ ಬಗ್ಗಲಿಲ್ಲ. ಹಾರಿಹೋಗಿ ಬಿದ್ದವು ಬಿದ್ದ ಹಾಗೇ ಇದ್ದವು. "ಈ ಹಕ್ಕೀಗೆ ಆಯಸ್ಸು ಗಟ್ಟಿ" ಎಂದು ಅತ್ತೆ ಎಲ್ಲವನ್ನೂ ಆರಿಸಿಕೊಂಡು ಹೋದಳು. ಈಗಲೂ ಅವಳ ಅಡುಗೆಮನೆಯಲ್ಲಿ ಹಾಲಿನ ಪಾತ್ರೆ, ಮೊಸರಿನ ಗಡಿಗೆ, ನೀರಿನ ಚೊಂಬು, ಎಲ್ಲದರ ಮೇಲೂ ಒಂದೊಂದು ಹಕ್ಕಿ ಮುಚ್ಚಿರುತ್ತದೆ.

ಆಗ ಮಾವ ಕೊಪ್ಪರಿಗೆಯ ಮುಂದೆ ಕೂತು ಯೋಚಿಸಿದ. ಬೆಲ್ಲದ ಪಾಕವನ್ನು ಹದಕ್ಕಿಂತ ಸ್ವಲ್ಪ ಮುಂದಕ್ಕೆ ಕಾಯಿಸಿದರೆ ಆರಿದ ಮೇಲೆ ಗಾಜಿನ ಹಾಗೆ ಪಟಕ್ಕನೆ ಮುರಿಯುತ್ತದೆ. ಬೆಲ್ಲ ಕಾಯಿಸುವವನಿಗೆ ಅದು ಅವಮಾನ, ಕೆಟ್ಟ ಪಾಕ. ಹತ್ತೂರಿನಲ್ಲಿ ಹೆಸರಿದ್ದ ನಮ್ಮ ಮಾವ ಜೀವನದಲ್ಲಿ ಮೊದಲ ಸಲ ಬೇಕೆಂದೇ ಪಾಕ ಕೆಡಿಸಿ, ನಾನು ಮಾಡಿಕೊಟ್ಟ ತಗಡಿನ ಅಚ್ಚಿಗೆ ತೆಳ್ಳಗೆ ಹುಯ್ದ. ಬೆಲ್ಲದ ಹಕ್ಕಿ ಹುಟ್ಟಿತು.

ಮೊದಲ ಕಂತು ಇರುವೆಗಳ ಪಾಲಾಯಿತು. ಬೆಳಿಗ್ಗೆ ನೋಡಿದರೆ ಹಕ್ಕಿಗೆ ಸಾವಿರ ಕಾಲು ಬಂದು ಗೋಡೆಯ ಮೇಲೆ ನಡೆದು ಹೋಗುತ್ತಿತ್ತು. ಎರಡನೇ ಕಂತಿನಲ್ಲಿ ಅರ್ಧ ಮಿಷನ್ನಿನಲ್ಲೇ ಪ್ರಾಣ ಬಿಟ್ಟಿತು, ಅಂಗೈಗೆ ಟ್ಯೂಬಿನ ತುಂಡು ಅಂಟಿಸಿದ ಮೇಲೆ ಸರಿಹೋಯಿತು. ಮೂರನೇ ಕಂತಿನ ಹೊತ್ತಿಗೆ ಊರಿನ ಮಕ್ಕಳಿಗೆ ವಾಸನೆ ಹತ್ತಿತು. ಮಾವ ಸುಣ್ಣದಲ್ಲಿ ಒಂದು ಗೆರೆ ಎಳೆದ. ಗೆರೆಯ ಆಚೆ ಮಕ್ಕಳ ಸಾಲು. ನೋಡಿದರೆ ಶಾಲೆಯಲ್ಲಿ ನಮ್ಮ ಹುಡುಗಿಯ ಮುಂದೆ ಚಪ್ಪಲಿ ಬಿಡುತ್ತಿದ್ದ ಖೋಖೋ ತಂಡ ಪೂರ್ತಿ ಅಲ್ಲಿತ್ತು.

"ಒಡೆದ್ರೆ ಬೆಲ್ಲ" ಎಂದ ಮಾವ. "ಒಡೀದಿದ್ರೆ ಮನೆಗೆ. ಗೆರೆ ದಾಟಿದ್ರೆ ಅದೂ ಇಲ್ಲ."

ಎಂಟು ದಿನ ಅವರು ಬರಿಗೈಯಲ್ಲಿ ಮನೆಗೆ ಹೋದರು. ಗಾಳಿಯಲ್ಲಿ ಒಡೆಯದೆ ನೆಲಕ್ಕೆ ಬಿದ್ದ ಹಕ್ಕಿಯ ಚೂರುಗಳನ್ನು ಮಾವ ತಾನೇ ಆರಿಸಿ ಒರೆಸಿ ಡಬ್ಬಿಗೆ ಹಾಕುವನು. ಒಂಬತ್ತನೇ ದಿನ ಸಾಯಂಕಾಲ ಅವಳು "ಬುಡ್ಲಾ" ಎಂದಳು, ನಾನು ವೈರು ಎಳೆದೆ, ಹುಣಸೆಬೀಜ ಹಾರಿತು, ನೆತ್ತಿಯ ಮೇಲೆ ಟಪ್ ಎಂದಿತು. ಆಮೇಲೆ ನಮ್ಮೂರಿನ ಆಕಾಶದಿಂದ ಬೆಲ್ಲ ಉದುರಿತು. ಮಾವ ಕೈ ಬೀಸಿದ್ದೇ ತಡ ಮಕ್ಕಳು ನುಗ್ಗಿದರು. ಹಿಂದಿನಿಂದ ಮೂರು ಮೇಕೆ. ಖೋಖೋ ತಂಡದ ನಾಯಕಿ ಬಾಯಿ ತುಂಬ ಬೆಲ್ಲ ಇಟ್ಟುಕೊಂಡು ನನ್ನ ಮಗಳ ಹತ್ತಿರ ಬಂದಳು.

"ನಾಳಿಕೂ ಹೊಡೀತೀಯೇನಮ್ಮಿ?"

"ನೋಡಾನ" ಎಂದಳು ನನ್ನ ಮಗಳು, ಮದುವೆಗೆ ಕರೆದರೆ ಬರುತ್ತೇನೋ ಇಲ್ಲವೋ ಎನ್ನುವ ದೊಡ್ಡಮನುಷ್ಯರ ಹಾಗೆ. ಆ ವಾರ ಹೊಟ್ಟೆನೋವು ಶನಿವಾರಕ್ಕೆ ಇಳಿಯಿತು.

ಆದರೆ ಪೂರ್ತಿ ಹೋಗಲಿಲ್ಲ. ಬೆಲ್ಲ ಆಲೆಮನೆಯ ಹಿಂದೆ. ಶಾಲೆಯಲ್ಲಿ ಚಪ್ಪಲಿ ಚಪ್ಪಲಿಯೇ. ಅಷ್ಟರಲ್ಲಿ ಮಾವ ಎಲ್ಲಿಂದಲೋ ಸುದ್ದಿ ತಂದ. ಮಳವಳ್ಳಿಯ ಆಚೆ ಬಯಲಿನಲ್ಲಿ ಒಂದು ಶೂಟಿಂಗ್ ಕ್ಲಬ್ಬಿನವರು ಮಕ್ಕಳಿಗೆ ಮಣ್ಣಿನ ಹಕ್ಕಿ ಹೊಡೆಯುವುದನ್ನು ಪರಿಚಯ ಮಾಡಿಸುತ್ತಾರೆ. ಹನ್ನೆರಡು ತುಂಬಿರಬೇಕು, ತಂದೆತಾಯಿ ಜೊತೆಗಿರಬೇಕು. ಕೋಚು ಪಕ್ಕದಲ್ಲೇ ನಿಂತು ಹಗುರದ ಕೋವಿ ಕೊಟ್ಟು ಐದು ಹಕ್ಕಿ ಹಾರಿಸುತ್ತಾರೆ. ಐದರಲ್ಲಿ ಒಂದನ್ನು ಒಡೆದವರಿಗೆ ಪ್ರತಿ ಭಾನುವಾರ ಕಲಿಸುತ್ತಾರೆ, ಶಾಲೆಗೂ ಕಾಗದ ಕಳಿಸುತ್ತಾರೆ. ಕಾಗದ ಎಂದ ಕೂಡಲೇ ಮಗಳು ತಲೆಯೆತ್ತಿದಳು. ಸೋಮವಾರದ ಪ್ರಾರ್ಥನೆಯಲ್ಲಿ ಅಂಥ ಕಾಗದಗಳನ್ನು ಗಟ್ಟಿಯಾಗಿ ಓದುತ್ತಾರಂತೆ.

ಹೋದೆವು. ಮಾವ ಬಿಳಿ ಪಂಚೆ, ಬಿಳಿ ಅಂಗಿ. ಕ್ಲಬ್ಬಿನ ಮಿಷನ್ನನ್ನು ಸುತ್ತ ನೋಡಿ, "ಬ್ರೇಕ್ ವೈರೇ ಇಲ್ಲ, ಇದೆಂಗೆ ಬುಡ್ತದೆ?" ಎಂದ. ಅದು ಕರೆಂಟಿನದು. ನನಗೆ ಮಾತ್ರ ಬೇರೆಯದೇ ಭಯ. ಕಾರಿನಲ್ಲಿ ಬಂದ ಮಕ್ಕಳು, ಹೊಳೆಯುವ ಬೂಟುಗಳು, ಅವುಗಳ ನಡುವೆ ನನ್ನ ಮಗಳು ಕನ್ನಡಕವನ್ನು ಮೂಗಿನ ಮೇಲೆ ಏರಿಸುತ್ತ ನಿಂತಿದ್ದಳು. ಕೋಚು ಒಬ್ಬೊಬ್ಬರನ್ನೇ ನೋಡುತ್ತ ಬಂದವರು ಅವಳ ಮುಂದೆ ನಿಂತರು. ಕನ್ನಡಕವನ್ನೇ ನೋಡಿದರು. ಮುಗಿಯಿತು ಎಂದುಕೊಂಡೆ.

"ನೀನು ರೆಡಿ ಇದ್ದೀಯಮ್ಮ" ಎಂದರು. ಆಮೇಲೆ ಉಳಿದವರ ಕಡೆ ತಿರುಗಿ, "ನಿಮಗೆಲ್ಲ ಕನ್ನಡಕ ಎಲ್ಲಿ? ಕಣ್ಣಿಗೆ ಚೂರು ಬಡಿದರೆ? ಕನ್ನಡಕ ಇಲ್ಲದವರು ಇಲ್ಲಿ ನಿಲ್ಲುವ ಹಾಗಿಲ್ಲ" ಎಂದು ಒಂದು ಡಬ್ಬಿ ತೆರೆದು ಎಲ್ಲರಿಗೂ ದಪ್ಪ ಕನ್ನಡಕ ಹಂಚಿದರು.

ಮಾವ ನನ್ನ ಪಕ್ಕೆಗೆ ತಿವಿದ. "ಆವತ್ತು ಫೋನಲ್ಲಿ ಮೊಕ ನೋಡ್ಲಾ ನೋಡ್ಲಾ ಅಂತ ಬಡ್ಕಂಡ್ನಲ್ಲ. ಈಗ್ಲಾದ್ರೂ ಕಾಣ್ತಾ?"

ಕಂಡಿತು. ಆ ಹೆಂಗಸಿನ ಮುಖದ ಮೇಲೂ ಇಂಥದೇ ಕನ್ನಡಕ ಇತ್ತು.

ಮಗಳ ಸರದಿ ಬಂತು. ಕಿವಿಗೆ ಮುಚ್ಚಿಗೆ, ಭುಜಕ್ಕೆ ಕೋವಿ, ಹಿಂದೆ ಕೋಚಿನ ಕೈ. ಅವಳು ಉಸಿರು ಎಳೆದುಕೊಂಡು ಬಯಲೆಲ್ಲ ಕೇಳುವ ಹಾಗೆ ಕೂಗಿದಳು: "ಬುಡ್ಲಾ!"

ಬಟನ್ ಹಿಡಿದಿದ್ದ ಕ್ಲಬ್ಬಿನ ಮನುಷ್ಯ ಮಳವಳ್ಳಿಯವನೇ. ಬೆಳಿಗ್ಗೆಯಿಂದ ಇಂಗ್ಲಿಷಿನಲ್ಲಿ ಕೂಗಿದವರಿಗೆಲ್ಲ ಆಕಳಿಸುತ್ತ ಹಕ್ಕಿ ಬಿಡುತ್ತಿದ್ದವನು ಇವಳ ಒಂದು ಮಾತಿಗೆ ಬೆಚ್ಚಿಬಿದ್ದು, ಒಂದಕ್ಕೆ ಎರಡು ಬಿಟ್ಟ.

ಎರಡೂ ತಪ್ಪಿದವು. ಲೆಕ್ಕಕ್ಕೆ ಒಂದೇ ಹಿಡಿದರು. ಮುಂದಿನದೂ ತಪ್ಪಿತು. ಅದರ ಮುಂದಿನದು, ಅದರ ಮುಂದಿನದು. ನಾಲ್ಕು ಹೋಯಿತು. ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. ಸ್ವಲ್ಪ ಜಾಸ್ತಿ ಹೊತ್ತೇ ಒರೆಸಿಕೊಂಡಳು. ನಾನು ನೆಲ ನೋಡಿದೆ. ಮಾವ ಮಾತ್ರ ಹಗ್ಗದ ಆಚೆಯಿಂದ ತಣ್ಣಗೆ ಹೇಳಿದ, "ಕಬ್ಬಿನ ಗಾಡಿ ಕಣವ್ವ."

ಕಿವಿಯ ಮುಚ್ಚಿಗೆಯಲ್ಲಿ ಅದು ಅವಳಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ಐದನೇ ಹಕ್ಕಿ ಹಾರಿತು. ಕೋವಿಯ ತುದಿ ಅದನ್ನು ಹಿಂದೆ ಹಾಕಿ ಮುಂದೆ ಓಡಿತು. ಆಕಾಶದಲ್ಲಿ ಕಿತ್ತಳೆ ಬಣ್ಣದ ಪುಡಿ.

ಆಮೇಲೆ ನಡೆದದ್ದು ನನಗೆ ಸರಿಯಾಗಿ ನೆನಪಿಲ್ಲ. ನಾನು ಯಾರೋ ಕಾರಿನವರನ್ನು ತಬ್ಬಿಕೊಂಡಿದ್ದೆ. ಅವರೂ ನನ್ನನ್ನು ತಬ್ಬಿಕೊಂಡಿದ್ದರು. ಮಾವ ಗುಂಡು ನಿಂತದ್ದೇ ತಡ ಬಯಲಿಗೆ ಇಳಿದು, ಒಂದು ಚೂರು ಎತ್ತಿ, ಅಭ್ಯಾಸಬಲದಿಂದ ಬಾಯಿಗೆ ಹಾಕಿಕೊಂಡು, ಥೂ ಎಂದು ಉಗಿದು, "ಪಾಕ ಸರಿ ಇಲ್ಲ ಸಾಮಿ ನಿಮ್ದು" ಎಂದು ಕೋಚಿಗೆ ಹೇಳಿದ.

ಕೋಚು ನಗುತ್ತ ಕೋವಿ ಮುಂದೆ ಹಿಡಿದರು. "ಮಗುವನ್ನು ತಯಾರು ಮಾಡಿದವರು ನೀವಲ್ಲವೇ ಯಜಮಾನರೇ? ಬನ್ನಿ, ನೀವೂ ಒಂದು ಹೊಡೆಯಿರಿ."

ಮಾವ ಕೋವಿಯನ್ನು ಒಂದು ಸಲ ಸವರಿ, "ನಂಗ್ಯಾಕೆ ಬುಡಿ" ಎಂದ. ನಾನು ಒಳಗೊಳಗೇ ನಕ್ಕೆ. ಹತ್ತೂರಿನ ಮರ್ಯಾದೆ ಮಳವಳ್ಳಿಯಲ್ಲೂ ಹೋಗುವುದು ಬೇಡವೆಂದು ಜಾರಿಕೊಂಡ ಎಂದುಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ನಮ್ಮಿಬ್ಬರ ನಡುವೆ ಕೂತಿದ್ದಳು. "ತಾತ, ನೀನ್ಯಾಕೆ ಹೊಡೀಲಿಲ್ಲ?" ಎಂದಳು.

ಮಾವ ಟವಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡ.

"ನಾನು ನಿನ್ನಷ್ಟಿದ್ದೆ ಕಣವ್ವ. ನಮ್ಮಪ್ಪ ಹೊಲದಲ್ಲಿ ಅಟ್ಟಣೆ ಮೇಲೆ ಕೂರ್ಸಿ ಈ ಕೋವಿ ಕೊಟ್ಟ. ಬೇಲಿ ಮೇಲೆ ಎರಡು ಬೆಳವನಕ್ಕಿ ಕೂತಿದ್ವು. ಮೊದಲ್ನೇ ಏಟು. ಒಂದು ಬಿತ್ತು. ಇನ್ನೊಂದು ಹಾರೋಗ್ಲಿಲ್ಲ. ಬೇಲಿ ಮೇಲೇ ಅತ್ತಗೆ ಇತ್ತಗೆ ಓಡಾಡ್ತಾ ಕೆಳಕ್ಕೆ ನೋಡ್ತಿತ್ತು. ನಮ್ಮಪ್ಪ ಬೆನ್ನು ತಟ್ಟಿ, ಎಂಥ ಗುರಿ ಅಂತ ಊರಿಗೆಲ್ಲ ಹೇಳ್ಕಂಡು ಬಂದ. ನಂಗೆ ಮೂರು ದಿನ ಅನ್ನ ಸೇರ್ಲಿಲ್ಲ."

"ಆಮೇಲೆ?"

"ಆಮೇಲೇನು, ಬೆಳೆ ಕಾಯ್ಬೇಕಲ್ಲ. ಅವತ್ತಿಂದ ಒಂದು ಮೊಳ ಮೇಲಕ್ಕೆ ಹೊಡೀತೀನಿ." ಅವಳ ಕನ್ನಡಕವನ್ನು ತೆಗೆದು ತನ್ನ ಪಂಚೆಯ ತುದಿಯಲ್ಲಿ ಒರೆಸಿ ವಾಪಸು ಹಾಕಿದ. "ಮೊದಲ್ನೇ ಏಟು ಮರೆಯಾಕಾಗಾಕಿಲ್ಲ ಕಣವ್ವ. ನಿಂದು ಮಣ್ಣಿಂದೇ ಆಗ್ಲಿ ಅಂತ."

ಐವತ್ತು ವರ್ಷಕ್ಕೂ ಮೇಲೆ ಊರೆಲ್ಲ ನಕ್ಕಿದೆ. ಎಲ್ಲರಿಗಿಂತ ಗಟ್ಟಿಯಾಗಿ ನಾನು ನಕ್ಕಿದ್ದೇನೆ. ಮಾವ ನಮ್ಮ ಜೊತೆ ಸೇರಿಕೊಂಡು ನಕ್ಕಿದ್ದಾನೆ.

ಸೋಮವಾರ ಶಾಲೆಯಲ್ಲಿ ಕಾಗದ ಓದಿದರು. ಅದರ ಮುಂದಿನ ಶನಿವಾರ ಬೆಳಿಗ್ಗೆ ಮಗಳು ಹೊಟ್ಟೆನೋವಿನ ಸುದ್ದಿಯೇ ಎತ್ತದೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ದಾರಿಯಲ್ಲಿ ಮಾವನ ಹೊಲ. ಮುಸುಕಿನ ಜೋಳದ ಮೇಲೆ ಗಿಳಿಗಳ ಹಿಂಡು ಇಳಿದಿತ್ತು. ಮಾವ ಬದುವಿನ ಮೇಲೆ ನಿಂತು ಕೋವಿ ಎತ್ತಿದ. ಢಂ ಎಂದಿತು. ಗಿಳಿಗಳು ಎದ್ದವು, ಹೊಂಗೆಮರದ ಮೇಲೊಂದು ಸುತ್ತು ಹೊಡೆದವು. ಒಂದು ಪುಕ್ಕವೂ ಉದುರಲಿಲ್ಲ.

ಮಗಳು ನಿಂತು, ಕನ್ನಡಕ ಏರಿಸಿಕೊಂಡು, ಹಾರುತ್ತಿದ್ದ ಗಿಳಿಗಳನ್ನು ಒಂದೊಂದಾಗಿ ನೋಡಿದಳು.

"ಒಳ್ಳೇ ಗುರಿ ತಾತ" ಎಂದಳು.